ಸ್ಟ್ರಾಬೆರಿಗೆ ಸಾರಜನಕ: ಮಲೆನಾಡಿನ ಮಣ್ಣಲ್ಲಿ ಎಷ್ಟು, ಯಾವಾಗ, ಯಾವ ರೂಪದಲ್ಲಿ

ಎಲೆಚುಕ್ಕಿ ರೋಗ ಅಡಿಕೆ ತೋಟಗಳಿಗೆ ಬಿದ್ದ ಮೇಲೆ ಮಲೆನಾಡಿನಲ್ಲಿ ಬೇರೆ ಬೆಳೆಯ ಮಾತು ಜೋರಾಗಿದೆ. ಆ ಮಾತಿನಲ್ಲಿ ಸ್ಟ್ರಾಬೆರಿಯೂ ಬರುತ್ತದೆ. ಮಳೆಗಾಲ ಮುಗಿದ ಮೇಲೆ ನೆಟ್ಟು, ಚಳಿಯಲ್ಲಿ ಹೂ ಕಂಡು, ಬೇಸಿಗೆ ಬಲಿಯುವ ಹೊತ್ತಿಗೆ ಕೊಯ್ದು ಮುಗಿಸಬಹುದಾದ ಬೆಳೆ ಇದು. ಮನೆ ಹಿಂದಿನ ಎರಡು ಗುಂಟೆ ಬ್ಯಾಣವೇ (ಹುಲ್ಲು ಬೆಳೆಯುವ ಬಯಲು ಜಾಗ) ಸಾಕು. ಆದರೆ ಸಸಿ ತಂದು ನೆಟ್ಟವರಲ್ಲಿ ಹಲವರಿಗೆ ಜನವರಿ ಹೊತ್ತಿಗೆ ಒಂದೇ ಚಿತ್ರ ಎದುರಾಗುತ್ತದೆ: ಗಿಡ ಪೊದೆಯಂತೆ ಹಬ್ಬಿದೆ, ಎಲೆ ಅಂಗೈ ಅಗಲ, ದಟ್ಟ ಹಸಿರು, ಹಣ್ಣು ಮಾತ್ರ ಅರ್ಧ ಕೆಂಪು ಅರ್ಧ ಬಿಳಚು, ಬಾಯಿಗಿಟ್ಟರೆ ಹುಳಿ, ಬುಟ್ಟಿಗೆ ಹಾಕಿದ ಮರುದಿನವೇ ಮೆತ್ತಗೆ.

ಇದಕ್ಕೆ ಕಾರಣ ಹೆಚ್ಚಿನ ಸಲ ರೋಗವೂ ಅಲ್ಲ, ತಳಿಯೂ ಅಲ್ಲ. ಅಡಿಕೆಗೆ ಗೊಬ್ಬರ ಹಾಕಿ ಪಳಗಿದ ಕೈ ಅದೇ ಅಳತೆಯಲ್ಲಿ ಸ್ಟ್ರಾಬೆರಿಗೂ ಹಾಕಿರುತ್ತದೆ. ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸಾದ ಸಾರಜನಕ 100 ಗ್ರಾಂ. ಎರಡು ಕಂತಿನಲ್ಲಿ ಕೊಟ್ಟು ಸುಮ್ಮನಿರಬಹುದು. ಒಂದು ಸ್ಟ್ರಾಬೆರಿ ಗಿಡಕ್ಕೆ ಇಡೀ ಋತುವಿಗೆ ಬೇಕಾದದ್ದು 3 ಗ್ರಾಂ ಆಸುಪಾಸು. ಅದನ್ನೂ ಒಂದೇ ಸಲ ಕೊಟ್ಟರೆ ಗಿಡಕ್ಕೆ ದಕ್ಕುವುದಿಲ್ಲ. ಒಂದು ಟೀ ಚಮಚ ಯೂರಿಯಾ ಸುಮಾರು 4 ಗ್ರಾಂ ತೂಗುತ್ತದೆ, ಅದರಲ್ಲಿ ಸಾರಜನಕ 1.8 ಗ್ರಾಂ. ಬುಡಕ್ಕೆ ಒಂದು ಚಮಚ ಉದುರಿಸಿದಿರಿ ಎಂದರೆ ಅರ್ಧ ಋತುವಿನ ಊಟವನ್ನು ಒಂದೇ ತುತ್ತಿಗೆ ತುರುಕಿದಂತೆ.

ಗಿಡದೊಳಗೆ ಸಾರಜನಕದ ಕೆಲಸ

ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ಪ್ರತಿ ಕಣದ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ, ಅದನ್ನು ನಾಲ್ಕು ಸಾರಜನಕ ಪರಮಾಣುಗಳು ಸುತ್ತುವರಿದು ಹಿಡಿದಿರುತ್ತವೆ. ಗಿಡದ ಪ್ರೋಟೀನು, ಕಿಣ್ವ ಎಲ್ಲದಕ್ಕೂ ಸಾರಜನಕ ಬೇಕು. ಅದು ಕಡಿಮೆಯಾದರೆ ಎಲೆ ಚಿಕ್ಕದು, ತೊಟ್ಟು ಗಿಡ್ಡ, ಕಾಯಿ ಸಣ್ಣ.

ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇರು ಹೀರಿದ ನೈಟ್ರೇಟನ್ನು (ಮಣ್ಣಿನಲ್ಲಿ ಸಾರಜನಕ ಇರುವ ಒಂದು ರೂಪ) ಪ್ರೋಟೀನ್ ಮಾಡಲು ಗಿಡಕ್ಕೆ ಸಕ್ಕರೆ ಬೇಕು. ಆ ಸಕ್ಕರೆ ಎಲೆಯಲ್ಲಿ ಬಿಸಿಲಿನಿಂದ ತಯಾರಾದದ್ದು. ಅದೇ ಹಣ್ಣಿಗೂ ಹೋಗಬೇಕಾದದ್ದು. ಸಾರಜನಕ ಮಿತಿ ಮೀರಿದಾಗ ಗಿಡ ಸಕ್ಕರೆಯನ್ನು ಹೊಸ ಎಲೆಗೆ, ಹಬ್ಬುಬಳ್ಳಿಗೆ ಸುರಿಯುತ್ತದೆ. ಹಣ್ಣಿಗೆ ಉಳಿಯುವುದು ನೀರು. ಮೋಡ ಮುಚ್ಚಿದ ವಾರದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಸಕ್ಕರೆಯ ಉತ್ಪಾದನೆಯೇ ಕಡಿಮೆ. ಬಿಳಚು ಹಣ್ಣು ಹುಟ್ಟುವ ಒಂದು ಮುಖ್ಯ ದಾರಿ ಇದು. ಜೊತೆಗೆ ಎಲೆ ಒತ್ತೊತ್ತಾಗಿ ಗಾಳಿ ಆಡದೆ, ಮಂಜು ಬೀಳುವ ನಮ್ಮ ಬೆಳಗಿನಲ್ಲಿ ಹೂವು ಹತ್ತು ಗಂಟೆಯಾದರೂ ಒದ್ದೆಯಾಗೇ ಇರುತ್ತದೆ. ಬೂದು ಬೂಷ್ಟು ರೋಗಕ್ಕೆ ಅಷ್ಟು ಸಾಕು. ಎಳೆಯ, ರಸಭರಿತ ಎಲೆಗೆ ಹೇನು, ನುಸಿಗಳೂ ಬೇಗ ಹತ್ತುತ್ತವೆ.

ಮೂರು ರೂಪ, ಮೂರು ನಡತೆ

ಸಾರಜನಕ ಗಿಡಕ್ಕೆ ಸಿಗುವುದು ಮುಖ್ಯವಾಗಿ ಮೂರು ರೂಪದಲ್ಲಿ: ಯೂರಿಯಾ, ಅಮೋನಿಯಂ, ನೈಟ್ರೇಟ್. ಗೊಬ್ಬರದ ಚೀಲದ ಮೇಲಿನ ಅಂಕಿ ಸಾರಜನಕ ಎಷ್ಟು ಶೇಕಡಾ ಎಂದು ಹೇಳುತ್ತದೆಯೇ ಹೊರತು ಮಣ್ಣಿಗೆ ಬಿದ್ದ ಮೇಲೆ ಅದು ಹೇಗೆ ವರ್ತಿಸುತ್ತದೆ ಎಂದು ಹೇಳುವುದಿಲ್ಲ.

ಯೂರಿಯಾದಲ್ಲಿ ಶೇ. 46 ಸಾರಜನಕ. ಅದನ್ನು ಗಿಡ ನೇರವಾಗಿ ಹೆಚ್ಚು ಬಳಸಲಾರದು. ಮಣ್ಣಿನ ಕಿಣ್ವ ಕೆಲವೇ ದಿನದಲ್ಲಿ ಅದನ್ನು ಅಮೋನಿಯಂ ಮಾಡುತ್ತದೆ. ಬಳಿಕ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಬೆಚ್ಚಗಿನ, ಹದವಾದ ಮಣ್ಣಿನಲ್ಲಿ ಇದಕ್ಕೆ ಎರಡು ಮೂರು ವಾರ.

ಅಮೋನಿಯಂಗೆ ಧನ ವಿದ್ಯುದಂಶ, ಜೇಡಿ ಕಣಕ್ಕೆ ಋಣ. ಹಾಗಾಗಿ ಉತ್ತರಾಣಿ ಬೀಜ ಪಂಚೆಗೆ ಅಂಟಿದಂತೆ ಅಮೋನಿಯಂ ಮಣ್ಣಿಗೆ ಅಂಟಿಕೊಳ್ಳುತ್ತದೆ, ನೀರಿನೊಂದಿಗೆ ಸುಲಭಕ್ಕೆ ಇಳಿದು ಹೋಗುವುದಿಲ್ಲ. ನೈಟ್ರೇಟಿಗೆ ಋಣ ವಿದ್ಯುದಂಶ. ಮಣ್ಣು ಅದನ್ನು ಹಿಡಿಯುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಸ್ಟ್ರಾಬೆರಿಯ ಬೇರಿನ ಬಹುಪಾಲು ಮೇಲಿನ 15–20 ಸೆಂಟಿಮೀಟರಿನಲ್ಲೇ ಇರುವುದರಿಂದ, ಒಂದು ಗೇಣು ಕೆಳಗೆ ಇಳಿದ ನೈಟ್ರೇಟ್ ಆ ಗಿಡದ ಮಟ್ಟಿಗೆ ಹೋದಂತೆಯೇ. ಅಡಿಕೆಯ ಬೇರು ಆಳದಿಂದ ಅದನ್ನು ಮೇಲೆತ್ತಬಲ್ಲದು, ಸ್ಟ್ರಾಬೆರಿಗೆ ಆ ಉದ್ದ ಕೈ ಇಲ್ಲ.

ನಮ್ಮ ಮಣ್ಣಿನ ತೊಡಕು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಜಂಬಿಟ್ಟಿಗೆ ಮಣ್ಣು ನೂರಾರು ಮಳೆಗಾಲಗಳಲ್ಲಿ ತೊಳೆದು ಹೋದದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲವನ್ನೂ ಹೊಳೆಗೆ ಒಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಹುಳಿ. ಸ್ಟ್ರಾಬೆರಿಗೆ ಹಿತವಾದ ರಸಸಾರ (pH, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5 ರಿಂದ 6.5. ನಮ್ಮಲ್ಲಿ 5ರ ಆಸುಪಾಸಿನ ಮಣ್ಣು ಅಪರೂಪವಲ್ಲ.

ಹುಳಿ ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನಿಧಾನ. ಯೂರಿಯಾ ಹಾಕಿದರೆ ಅಮೋನಿಯಂ ಬಹಳ ದಿನ ಹಾಗೇ ಕೂರುತ್ತದೆ. ಅದು ನೈಟ್ರೇಟ್ ಆಗುವಾಗ ಆಮ್ಲ ಬಿಡುಗಡೆಯಾಗಿ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ. ಅಮೋನಿಯಂ ಅನ್ನು ಬೇರು ನೇರ ಹೀರಿದರೂ ಅದೇ ಕತೆ: ಒಂದು ಧನ ಕಣ ಒಳಗೆ ಬಂದಾಗ ಬೇರು ಬದಲಿಗೆ ಒಂದು ಆಮ್ಲದ ಕಣವನ್ನು ಹೊರಗೆ ಬಿಡುತ್ತದೆ. ನೈಟ್ರೇಟ್ ಹೀರಿದಾಗ ಇದಕ್ಕೆ ವಿರುದ್ಧ, ಬೇರಿನ ಸುತ್ತ ಹುಳಿ ತುಸು ತಗ್ಗುತ್ತದೆ. ಆದ್ದರಿಂದ ಇಲ್ಲಿನ ಮಣ್ಣಿಗೆ ನೈಟ್ರೇಟ್ ರೂಪದ ಗೊಬ್ಬರ ಹೆಚ್ಚು ಹೊಂದುತ್ತದೆ, ಬೆಲೆ ಜಾಸ್ತಿಯಾದರೂ.

ಇನ್ನೊಂದು ಮರೆಯಲ್ಲಿರುವ ವಿಷಯ ಮಾಲಿಬ್ಡಿನಂ. ಎಲೆಯೊಳಗೆ ನೈಟ್ರೇಟನ್ನು ಮುರಿದು ಬಳಸುವ ಕಿಣ್ವಕ್ಕೆ ಚಿಟಿಕೆಗಿಂತ ಕಡಿಮೆ ಪ್ರಮಾಣದಲ್ಲಿ ಈ ಧಾತು ಬೇಕು. ಹುಳಿ ಮಣ್ಣಿನಲ್ಲಿ ಅದು ಬೇರಿಗೆ ಸಿಗುವುದಿಲ್ಲ. ಆಗ ಗಿಡದೊಳಗೆ ನೈಟ್ರೇಟ್ ಇದ್ದೂ ಎಲೆ ಹಳದಿ.

ಹಾಗಾಗಿ ಗೊಬ್ಬರಕ್ಕಿಂತ ಮೊದಲು ಮಣ್ಣು ಪರೀಕ್ಷೆ, ಪರೀಕ್ಷೆಯ ಚೀಟಿಯಲ್ಲಿರುವಷ್ಟು ಸುಣ್ಣ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಇರುವಕ್ಕಿಯಲ್ಲಿ ಮುಖ್ಯ ಆವರಣವಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೋ ವಿಚಾರಿಸಬಹುದು. ಸ್ಟ್ರಾಬೆರಿಗಾದರೆ ಮಾದರಿಯನ್ನು ಮೇಲಿನ ಒಂದು ಗೇಣಿನೊಳಗಿಂದ ತೆಗೆಯಿರಿ, ಅಡಿಕೆಗೆ ತೆಗೆದಂತೆ ಆಳದಿಂದ ಬೇಡ. ಮೆಗ್ನೀಸಿಯಂ ಕೂಡ ಕಡಿಮೆ ಬಂದಿದ್ದರೆ ಡಾಲೊಮೈಟ್ ಸುಣ್ಣ ಒಳ್ಳೆಯದು. ಸುಣ್ಣವನ್ನೂ ಯೂರಿಯಾ ಅಥವಾ ಹಸಿ ಸಗಣಿ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು: ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ಆ ಘಾಟೇ ನೀವು ದುಡ್ಡು ಕೊಟ್ಟು ತಂದ ಗೊಬ್ಬರ. ನಡುವೆ ಎರಡು ಮೂರು ವಾರ ಅಂತರವಿರಲಿ.

ಬೇರಿನ ಬಾಗಿಲಲ್ಲಿ ನೂಕುನುಗ್ಗಲು

ಸಾರಜನಕ ತಾನೊಂದೇ ಒಳಗೆ ಹೋಗುವುದಿಲ್ಲ, ಉಳಿದ ಪೋಷಕಾಂಶಗಳ ಪ್ರವೇಶವನ್ನೂ ಬದಲಿಸುತ್ತದೆ. ಸಂಜೆ ಹೊತ್ತು ಸಾಗರಕ್ಕೆ ಹೊರಟ ಬಸ್ಸಿನ ಬಾಗಿಲು ನೆನೆಸಿಕೊಳ್ಳಿ. ಅಮೋನಿಯಂ ಮತ್ತು ಪೊಟ್ಯಾಸಿಯಂ ಗಾತ್ರದಲ್ಲೂ ವಿದ್ಯುದಂಶದಲ್ಲೂ ಹತ್ತಿರ ಹತ್ತಿರ. ಅಮೋನಿಯಂ ಗುಂಪಾಗಿ ನಿಂತಿದ್ದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊರಗೇ ಉಳಿಯುತ್ತವೆ. ನೈಟ್ರೇಟ್ ಹಾಗಲ್ಲ. ಅದು ಋಣ ಕಣವಾದ್ದರಿಂದ ಸಮತೂಕಕ್ಕೆ ಧನ ಕಣಗಳನ್ನು ಜೊತೆಗೆ ಕರೆದುಕೊಂಡೇ ಹತ್ತುತ್ತದೆ. ಒಂದೇ ತೂಕದ ಸಾರಜನಕ ಕೊಟ್ಟರೂ ಅಮೋನಿಯಂ ರೂಪದಲ್ಲಿ ಕೊಟ್ಟ ಗಿಡದ ಎಲೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ ಇರುವುದು ಇದರಿಂದ.

ಕ್ಯಾಲ್ಸಿಯಂನ ಲೆಕ್ಕ ಬೇರೆಯೇ. ಅದು ಗಿಡದೊಳಗೆ ನೀರಿನ ಹರಿವಿನೊಂದಿಗೆ ಮಾತ್ರ ಚಲಿಸುತ್ತದೆ, ಒಂದು ಕಡೆ ಸೇರಿದ ಮೇಲೆ ಅಲ್ಲಿಂದ ಏಳುವುದಿಲ್ಲ. ಅಗಲವಾದ ಎಲೆ ಹಗಲಿಡೀ ನೀರು ಆವಿ ಮಾಡುತ್ತದೆ, ಕ್ಯಾಲ್ಸಿಯಂ ಅತ್ತ ಹೋಗುತ್ತದೆ. ಸುರುಳಿ ಬಿಚ್ಚದ ಎಳೆ ಎಲೆ ಮತ್ತು ಹಣ್ಣು ಆವಿ ಬಿಡುವುದು ಅತಿ ಕಡಿಮೆ. ಸಾರಜನಕ ಸುರಿದು ಎಲೆ ಹೆಚ್ಚಿಸಿದಷ್ಟೂ ಹಣ್ಣಿನ ಪಾಲಿನ ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ಕಡಿಮೆಯಾದ ಹಣ್ಣು ಮೆತ್ತಗೆ.

ಎಳೆ ಎಲೆಗೆ ಕ್ಯಾಲ್ಸಿಯಂ ತಲುಪುವುದು ರಾತ್ರಿಯಲ್ಲಿ, ಬೇರಿನ ಒತ್ತಡದಿಂದ. ಇದನ್ನು ಕಣ್ಣಾರೆ ನೋಡಬಹುದು. ಬೆಳಿಗ್ಗೆ ಆರೂವರೆಗೆ ಮಡಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತು ಒಂದು ಎಲೆಯನ್ನು ಅಲುಗಿಸದೆ ನೋಡಿ. ಎಲೆಯ ಅಂಚಿನ ಪ್ರತಿ ಹಲ್ಲಿನ ತುದಿಯಲ್ಲೂ ಒಂದೊಂದು ಹನಿ, ಜೋಡಿಸಿಟ್ಟಂತೆ. ಮಂಜಾಗಿದ್ದರೆ ಅದು ಎಲೆಯ ಮೈಮೇಲೆಲ್ಲ ಹರಡಿ ಕೂರುತ್ತದೆ. ಈ ಹನಿ ಒಳಗಿನಿಂದ ಬಂದದ್ದು. ಹನಿ ಸಾಲಾಗಿ ಇದ್ದರೆ ಬೇರು ಚೆನ್ನಾಗಿ ಕೆಲಸ ಮಾಡುತ್ತಿದೆ. ಗೊಬ್ಬರ ಅತಿಯಾಗಿ ಮಣ್ಣು ಉಪ್ಪಾಗಿದ್ದರೆ, ಅಥವಾ ರಾತ್ರಿ ಮಣ್ಣು ಒಣಗಿದ್ದರೆ ಹನಿ ಇರುವುದಿಲ್ಲ. ಅಂಥ ದಿನಗಳು ಸಾಲಾಗಿ ಬಂದರೆ ಹೊಸ ಎಲೆ ಬಿಚ್ಚುವಾಗಲೇ ತುದಿ ಕಪ್ಪಾಗಿ ಸುಟ್ಟಿರುತ್ತದೆ. ಆಗ ಇನ್ನಷ್ಟು ಗೊಬ್ಬರ ಕೊಡುವುದು ಸುಟ್ಟ ಗಾಯಕ್ಕೆ ಬೆಂಕಿ ಹಿಡಿದಂತೆ. ಎರಡು ಮೂರು ಸರದಿ ಬರಿ ನೀರು ಕೊಡಿ.

ಸಾವಿರ ಗಿಡದ ಲೆಕ್ಕ

ಒಂದು ಮಡಿಯಲ್ಲಿ ಎರಡು ಸಾಲು, ಗಿಡದಿಂದ ಗಿಡಕ್ಕೆ 30 ಸೆಂ.ಮೀ., ಮಡಿ ಮತ್ತು ಕಾಲುದಾರಿ ಸೇರಿ ಒಂದೂವರೆ ಮೀಟರ್ ಎಂದು ಹಿಡಿದರೆ ಸಾವಿರ ಗಿಡಕ್ಕೆ 150 ಮೀಟರ್ ಉದ್ದದ ಮಡಿ, ಅಂದರೆ 225 ಚದರ ಮೀಟರ್, ಎರಡೂಕಾಲು ಗುಂಟೆಯಷ್ಟು ಜಾಗ. ಮಡಿ 25–30 ಸೆಂ.ಮೀ. ಎತ್ತರ, ಮೇಲೆ ಪ್ಲಾಸ್ಟಿಕ್ ಹೊದಿಕೆ, ಅಡಿಯಲ್ಲಿ ಹನಿ ನೀರಾವರಿ. ಹೊದಿಕೆ ಕಳೆ ತಡೆಯಲಷ್ಟೇ ಅಲ್ಲ. ಅಕ್ಟೋಬರ್, ನವೆಂಬರಿನಲ್ಲಿ ದಿಢೀರನೆ ಹೊಡೆಯುವ ಹಿಂಗಾರು ಮಳೆಗೆ ನೈಟ್ರೇಟ್ ತೊಳೆದು ಹೋಗದಂತೆ ಕಾಪಾಡುವ ಕೊಡೆಯೂ ಅದೇ.

ಎಷ್ಟು ಬೇಕು ಎಂಬುದಕ್ಕೆ ಹೊರಗಿನ ಎರಡು ಅಳತೆಗೋಲು ಇವೆ. ಫ್ಲಾರಿಡಾದ ಮರಳು ಮಣ್ಣಿಗೆ ಅಲ್ಲಿನ ಶಿಫಾರಸು ಋತುವಿಗೆ ಎಕರೆಗೆ ಸುಮಾರು 68 ಕಿಲೊ ಸಾರಜನಕ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಅಳೆದಾಗ, ತುಂಬು ಕಾಯಿಯ ಹೊತ್ತಿನಲ್ಲಿ ಬೆಳೆ ದಿನಕ್ಕೆ ಎಕರೆಗೆ ಅರ್ಧ ಕಿಲೊಗಿಂತ ತುಸು ಕಡಿಮೆ ಹೀರುತ್ತದೆ. ನಮ್ಮ ಸಾವಿರ ಗಿಡಕ್ಕೆ ಇಳಿಸಿದರೆ ದಿನಕ್ಕೆ 20–25 ಗ್ರಾಂ, ವಾರಕ್ಕೆ 150 ಗ್ರಾಂ ಆಸುಪಾಸು. ಅದಕ್ಕಿಂತ ಹೆಚ್ಚು ಕೊಟ್ಟದ್ದು ಬರಿ ಎಲೆಗೆ ಹೋಗುತ್ತದೆ, ಇಲ್ಲವೇ ತೊಳೆದು ಹೋಗುತ್ತದೆ.

ಇದರ ಮೇಲೆ ಒಂದು ಯೋಜನೆ ಹೀಗಿರಬಹುದು. ಮಡಿ ಕಟ್ಟುವಾಗ 500 ಕಿಲೊ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಶೇ. 0.5 ಸಾರಜನಕ ಹಿಡಿದರೆ ಅದರಲ್ಲಿ ಎರಡೂವರೆ ಕಿಲೊ ಇದೆ, ಆದರೆ ಮೊದಲ ಋತುವಿನಲ್ಲಿ ಬಿಟ್ಟುಕೊಡುವುದು ಕಾಲುಭಾಗದಿಂದ ಮೂರನೇ ಒಂದು ಭಾಗ, ಮುಕ್ಕಾಲು ಕಿಲೊ ಅನ್ನಿ. ರಂಜಕವನ್ನೂ ಆಗಲೇ ಕೊಡಬೇಕು; ನಮ್ಮ ಕಬ್ಬಿಣದ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಗೊಬ್ಬರದೊಂದಿಗೆ ಬೆರೆಸಿ ಬೇರಿನ ಹತ್ತಿರ ಹಾಕುವುದು ಲೇಸು.

ಅಕ್ಟೋಬರ್ ಮೊದಲ ವಾರ ನೆಟ್ಟಿರೆಂದು ಇಟ್ಟುಕೊಳ್ಳಿ. ಮೊದಲ ಮೂರು ವಾರ ಸಾರಜನಕ ಬೇಡವೇ ಬೇಡ. ಸಸಿಯ ಬುಡದ ದಪ್ಪ ಕಾಂಡದಲ್ಲಿ ಕೂಡಿಟ್ಟ ಆಹಾರವಿರುತ್ತದೆ, ಹೊಸ ಬೇರು ಇನ್ನೂ ಹೊರಟಿರುವುದಿಲ್ಲ. ಆಗ ಕೊಟ್ಟದ್ದು ಉಪ್ಪಾಗಿ ಎಳೆ ಬೇರನ್ನು ಸುಡುತ್ತದೆ. ನಾಲ್ಕರಿಂದ ಎಂಟನೇ ವಾರದವರೆಗೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19) ವಾರಕ್ಕೆ 300 ಗ್ರಾಂ, ಎರಡು ಸರದಿಯಲ್ಲಿ. ಸಾರಜನಕ ವಾರಕ್ಕೆ 57 ಗ್ರಾಂ ಆಯಿತು. ಒಂಬತ್ತನೇ ವಾರದಿಂದ, ಅಂದರೆ ಹೂ ಕಾಯಿ ಜೋರಾಗುವ ಡಿಸೆಂಬರಿನಿಂದ ಮಾರ್ಚಿನವರೆಗೆ, ವಾರಕ್ಕೆ ನಾಲ್ಕು ಸರದಿ: ಎರಡು ಸಲ ಕ್ಯಾಲ್ಸಿಯಂ ನೈಟ್ರೇಟ್, ಎರಡು ಸಲ ಪೊಟ್ಯಾಸಿಯಂ ನೈಟ್ರೇಟ್, ಪ್ರತಿ ಸಲವೂ 250 ಗ್ರಾಂ. ಮೊದಲನೆಯದರಲ್ಲಿ ಶೇ. 15.5, ಎರಡನೆಯದರಲ್ಲಿ ಶೇ. 13 ಸಾರಜನಕ, ಒಟ್ಟು ವಾರಕ್ಕೆ 142 ಗ್ರಾಂ, ಜೊತೆಗೆ ಹಣ್ಣಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ಪೊಟ್ಯಾಷ್. 24 ವಾರಕ್ಕೆ ಎಲ್ಲ ಕೂಡಿದರೆ ಎರಡೂವರೆ ಕಿಲೊ ಸಾರಜನಕ. ಕೊಟ್ಟಿಗೆ ಗೊಬ್ಬರದ ಪಾಲು ಸೇರಿ ಗಿಡಕ್ಕೆ ಮೂರು ಗ್ರಾಂ ಚಿಲ್ಲರೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಅಂಶ ಚೆನ್ನಾಗಿ ಬಂದಿದ್ದರೆ ಇದನ್ನೂ ತಗ್ಗಿಸಬಹುದು.

ಸ್ಟ್ರಾಬೆರಿ ಉಪ್ಪಿಗೆ ಬಲು ಸೂಕ್ಷ್ಮ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಗೊಬ್ಬರ ಮೀರಬಾರದು, ಅಂದರೆ 250 ಗ್ರಾಂಗೆ 250 ಲೀಟರ್ ನೀರಾದರೂ ಹೋಗಬೇಕು. ಮೊದಲ ಹತ್ತು ನಿಮಿಷ ಬರಿ ನೀರು, ಆಮೇಲೆ ಗೊಬ್ಬರ, ಕೊನೆಗೆ ಪೈಪು ತೊಳೆಯುವಷ್ಟು ನೀರು. ಎಷ್ಟು ಹೊತ್ತು ಬಿಡಬೇಕು ಎಂಬುದಕ್ಕೆ ಗಡಿಯಾರಕ್ಕಿಂತ ಕೈ ವಾಸಿ: ನೀರು ನಿಲ್ಲಿಸಿ ಒಂದು ಗಂಟೆ ಬಿಟ್ಟು ಹನಿ ಬೀಳುವ ಜಾಗದ ಪಕ್ಕ ಕೆದಕಿ, ಹಸಿ ಒಂದು ಗೇಣು ಇಳಿದಿದ್ದರೆ ಸಾಕು. ಒಂದೂವರೆ ಗೇಣಾಗಿದ್ದರೆ ನೈಟ್ರೇಟ್ ಬೇರು ದಾಟಿ ಹೋಗಿದೆ.

ಕ್ಯಾಲ್ಸಿಯಂ ನೈಟ್ರೇಟನ್ನು 19:19:19ರ ಜೊತೆಗಾಗಲಿ, ಸಲ್ಫೇಟ್ ಇರುವ ಯಾವುದೇ ಗೊಬ್ಬರದ ಜೊತೆಗಾಗಲಿ ಒಂದೇ ಡ್ರಮ್ಮಿನಲ್ಲಿ ಕಲಸಬೇಡಿ. ಹಾಲು ಒಡೆದಂತೆ ಬಿಳಿ ಗಷ್ಟು ಕಟ್ಟಿ ಹನಿಯ ತೂತುಗಳೆಲ್ಲ ಮುಚ್ಚುತ್ತವೆ. ಕ್ಯಾಲ್ಸಿಯಂ ನೈಟ್ರೇಟಿನ ಚೀಲವನ್ನು ತೆರೆದಿಟ್ಟರೆ ನಮ್ಮ ಥಂಡಿ ಗಾಳಿಗೆ ನೀರಾಗಿ ಹರಿಯುತ್ತದೆ; ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪೊಟ್ಯಾಷಿಗೆಂದು ಅಡಿಕೆಗೆ ತಂದ ಕೆಂಪು ಮ್ಯುರಿಯೇಟ್ ಆಫ್ ಪೊಟ್ಯಾಷನ್ನು ಇಲ್ಲಿ ಬಳಸುವುದು ಬೇಡ, ಅದರ ಕ್ಲೋರೈಡು ಸ್ಟ್ರಾಬೆರಿಗೆ ಆಗಿಬರುವುದಿಲ್ಲ.

ಎಲೆ ಏನು ಹೇಳುತ್ತದೆ

ಸಾರಜನಕ ಗಿಡದೊಳಗೆ ಓಡಾಡಬಲ್ಲ ಧಾತು. ಕೊರತೆಯಾದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಆದ್ದರಿಂದ ಮೊದಲು ಬಿಳಚುವುದು ಕೆಳಗಿನ ಎಲೆ. ಬಳಿಕ ಅದು ಕಿತ್ತಳೆ, ಕೆಂಪಿಗೆ ತಿರುಗುತ್ತದೆ. ಒಂದೆರಡು ಮುದಿ ಎಲೆ ಕೆಂಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಇಡೀ ಸಾಲು ತಿಳಿ ಹಸಿರಾಗಿ ತೊಟ್ಟುಗಳು ಗಿಡ್ಡವಾಗಿದ್ದರೆ ಮಾತ್ರ ಕೊರತೆ. ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕಡೆ ನೋಡಿ. ಹೊಸ ಎಲೆಯಲ್ಲಿ ಹಾಗಾದರೆ ಕಬ್ಬಿಣ; ಸುಣ್ಣ ಹೆಚ್ಚು ಬಿದ್ದಿರಬಹುದು. ಹಳದಿ ಕಂಡ ಕೂಡಲೆ ಯೂರಿಯಾ ಚೀಲಕ್ಕೆ ಕೈ ಹಾಕುವ ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಲೇಬೇಕು.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಪೂರ್ತಿ ಬಿಚ್ಚಿದ, ಹೊಳಪು ಮಾಸದ ಎಲೆಗಳನ್ನು ಆರಿಸಿ. ಫಸಲಿಗೆ ಮೊದಲು ಒಣತೂಕದ ಶೇ. 3ರಿಂದ 4ರಷ್ಟು ಸಾರಜನಕವಿದ್ದರೆ ಸರಿ. ಶೇ. 2.5ಕ್ಕಿಂತ ಕೆಳಗೆ ಕೊರತೆ. ತುಂಬು ಕೊಯ್ಲಿನಲ್ಲಿ ಅಂಕಿ ತಾನಾಗಿಯೇ ಇಳಿಯುತ್ತದೆ.

ಹೆಚ್ಚಾಗಿದ್ದರೆ ಸಾರಜನಕ ವಾಪಸು ತೆಗೆಯಲಾಗದು. ಹತ್ತು ಹನ್ನೆರಡು ದಿನ ಸಾರಜನಕ ನಿಲ್ಲಿಸಿ, ಪೊಟ್ಯಾಷ್‌ಗೆ ಪೊಟ್ಯಾಸಿಯಂ ಸಲ್ಫೇಟ್ ಬಳಸಿ, ಹಬ್ಬುಬಳ್ಳಿ ಕಿತ್ತು, ಒಳಗಿನ ಮುದಿ ಎಲೆ ತೆಗೆದು ಗಾಳಿ ಆಡಲು ಬಿಡಿ. ಹೂವಿನಿಂದ ಹಣ್ಣಾಗಲು ತಿಂಗಳ ಆಸುಪಾಸು ಬೇಕಾಗುವುದರಿಂದ ಇವತ್ತಿನ ತಿದ್ದುಪಡಿ ಬುಟ್ಟಿಯಲ್ಲಿ ಕಾಣುವುದು ಮುಂದಿನ ತಿಂಗಳು. ಆ ನಡುವೆ ತಾಳ್ಮೆಗೆಟ್ಟು ಇನ್ನೇನೋ ಸಿಂಪಡಿಸಬೇಡಿ.

ಸಿಪ್ಪೆ, ದರಗು, ಹಿಂಡಿ

ನಮ್ಮಲ್ಲಿ ಅಡಿಕೆ ಸಿಪ್ಪೆಗೆ, ದರಗಿಗೆ (ಒಣ ತರಗೆಲೆಗೆ) ಬರವಿಲ್ಲ. ಅರ್ಧ ಕಳಿತ ಸಿಪ್ಪೆಯನ್ನು ಮಡಿಯೊಳಗೆ ಬೆರೆಸಿದರೆ ನಡೆಯುವುದು ಹೀಗೆ: ಸಿಪ್ಪೆಯಲ್ಲಿ ಇಂಗಾಲ ತುಂಬಿದೆ, ಸಾರಜನಕ ತೀರ ಕಡಿಮೆ. ಅದನ್ನು ಕೊಳೆಸಲು ಕೂತ ಸೂಕ್ಷ್ಮಜೀವಿಗಳು ತಮ್ಮ ಮೈ ಬೆಳೆಸಲು ಮಣ್ಣಿನಲ್ಲಿರುವ ನೈಟ್ರೇಟನ್ನೇ ಎತ್ತಿಕೊಳ್ಳುತ್ತವೆ. ಗೊಬ್ಬರ ಕೊಟ್ಟೂ ಗಿಡ ಹಳದಿ. ಸಿಪ್ಪೆ ಕಳಿತು ಮುಗಿದ ಮೇಲೆ ಅದೇ ಸಾರಜನಕ ಒಮ್ಮೆಲೇ ಬಿಡುಗಡೆಯಾಗುತ್ತದೆ, ಅಷ್ಟರಲ್ಲಿ ಋತು ಅರ್ಧ ಕಳೆದಿರುತ್ತದೆ. ಸಿಪ್ಪೆ, ದರಗು, ಕರಡ (ಒಣಹುಲ್ಲು) ಇವನ್ನು ಕಾಲುದಾರಿಯಲ್ಲಿ ಮೇಲೆ ಹಾಸಿ. ಮಣ್ಣೊಳಗೆ ಸೇರಿಸುವುದಾದರೆ ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಕಳಿತಿರಲಿ.

ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5 ಸಾರಜನಕವಿದೆ, ನಿಧಾನವಾಗಿ ಬಿಡುತ್ತದೆ. ಕೊಟ್ಟಿಗೆ ಗೊಬ್ಬರ ಸಾಲದವರಿಗೆ ಇದು ಒಳ್ಳೆಯ ಜೊತೆ. ಕೋಳಿ ಗೊಬ್ಬರ ಹಸಿಯಾಗಿದ್ದರೆ ಹತ್ತಿರಕ್ಕೂ ತರಬೇಡಿ. ಅದರ ಅಮೋನಿಯಾ ಮತ್ತು ಉಪ್ಪು ಎಳೆ ಬೇರಿಗೆ ಮಾರಕ.

ಕೊನೆಯ ಕೊಯ್ಲಿನ ಆಚೆ

ಕೊನೆಯ ಕೊಯ್ಲಿಗೆ ಎರಡು ವಾರ ಇರುವಾಗಲೇ ಸಾರಜನಕ ನಿಲ್ಲಿಸಿ. ಆಗ ಕೊಟ್ಟದ್ದು ಯಾವ ಹಣ್ಣಿಗೂ ತಲುಪದೆ ಮಣ್ಣಿನಲ್ಲಿ ನೈಟ್ರೇಟಾಗಿ ಉಳಿಯುತ್ತದೆ. ಜೂನಿನಲ್ಲಿ ಜಡಿಮಳೆ ಹಿಡಿದ ಕೂಡಲೆ ಅದು ಇಳಿಜಾರಿನ ಕೆಳಗೆ ಹೋಗುತ್ತದೆ, ಮಲೆನಾಡಿನ ಮನೆಗಳಲ್ಲಿ ಬಾವಿ ಇರುವುದು ಎಷ್ಟೋ ಕಡೆ ಅಲ್ಲೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಎಳೆ ಮಕ್ಕಳಿಗೆ ಅದು ವಿಶೇಷವಾಗಿ ಅಪಾಯ. ಏಪ್ರಿಲ್, ಮೇ ತಿಂಗಳಿನಲ್ಲಿ ಗಿಡ ತೆಗೆದು, ಅದೇ ಮಡಿಯಲ್ಲಿ ಅದೇ ಹನಿ ನೀರಿನಲ್ಲಿ ಮೇವಿನ ಜೋಳ ಬಿತ್ತಿ. ಅದರ ಬೇರು ಸ್ಟ್ರಾಬೆರಿಯದಕ್ಕಿಂತ ಆಳಕ್ಕೆ ಇಳಿದು ಉಳಿದ ನೈಟ್ರೇಟನ್ನು ಎತ್ತಿಕೊಳ್ಳುತ್ತದೆ. ಹೂ ತೆನೆ ಬರುವ ಹೊತ್ತಿಗೆ ಕೊಯ್ದು ಕೊಟ್ಟಿಗೆಗೆ ಹಾಕಿದರೆ, ಅಕ್ಟೋಬರಿನ ಮಡಿಗೆ ಅದೇ ಸಾರಜನಕದ ಒಂದು ಪಾಲು ಸಗಣಿಯಾಗಿ ಮರಳುತ್ತದೆ.